ಆರು ತಂತಿ, ಎರಡು ಕೈ

ಸಾಫ್ಟ್‌ವೇರ್ ಗಿಟಾರ್ ಎಂದರೆ ನಿಜವಾದ ಗಿಟಾರಿನ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ಧ್ವನಿಮುದ್ರಿಸಿ, ಕೀಬೋರ್ಡಿನ ಮನೆಗಳಿಗೆ ಹಂಚಿಟ್ಟ ವಾದ್ಯ. ಮನೆ ಒತ್ತಿದರೆ ತಂತಿ ಮೀಟಿದ ಸದ್ದು ಬರುತ್ತದೆ. ಆ ಸದ್ದು ಅಪ್ಪಟ ಗಿಟಾರಿನದೇ. ಆದರೂ ಅಂಥ ಸ್ವರಗಳನ್ನು ಪೋಣಿಸಿ ಮಾಡಿದ ಟ್ರ್ಯಾಕ್ ಎಷ್ಟೋ ಸಲ ಕೇಳಿದ ಕೂಡಲೇ ಹುಸಿ ಎನಿಸಿಬಿಡುತ್ತದೆ. ಬಿಡಿ ಸ್ವರ ಸಾಚಾ ಆಗಿದ್ದೂ ಇಡೀ ನುಡಿಸಾಣಿಕೆ ಸುಳ್ಳಾಗಲು ಮುಖ್ಯ ಕಾರಣ, ಕೀಬೋರ್ಡಿಗೆ ಇಲ್ಲದ ಕಟ್ಟುಪಾಡು ಗಿಟಾರಿಗೆ ಇರುವುದು. ಅದಕ್ಕಿರುವುದು ಆರೇ ತಂತಿ. ಒಂದು ತಂತಿಯಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ. ಎಡಗೈಯ ನಾಲ್ಕು ಬೆರಳು ಎಟುಕುವಷ್ಟೇ ಹರವು. ಬಲಗೈಯ ಬೀಸು ಮೇಲಕ್ಕೆ, ಇಲ್ಲವೇ ಕೆಳಕ್ಕೆ. ಈ ಕಟ್ಟುಪಾಡನ್ನು ಕಂಪ್ಯೂಟರಿನ ಮುಂದೆ ಕುಳಿತವರು ತಾವಾಗಿಯೇ ಹೊತ್ತುಕೊಂಡಷ್ಟೂ ಟ್ರ್ಯಾಕಿಗೆ ಜೀವ ಬರುತ್ತದೆ.

ತೊಡಕಿನ ಬೇರು ಇರುವುದು ಮಿಡಿ ಎಂಬ ಸಂಕೇತಭಾಷೆಯಲ್ಲಿ. 1983ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಪಕ್ಕದ ಅನಾಹೈಮ್‌ನಲ್ಲಿ ನಡೆದ ನ್ಯಾಮ್ ವಾದ್ಯಮೇಳದಲ್ಲಿ, ಸೀಕ್ವೆನ್ಶಿಯಲ್ ಸರ್ಕಿಟ್ಸ್ ಕಂಪನಿಯ ಪ್ರಾಫೆಟ್-600 ಮತ್ತು ರೋಲಂಡ್ ಕಂಪನಿಯ ಜುಪಿಟರ್-6 ಎಂಬ ಎರಡು ಸಿಂಥಸೈಜರ್‌ಗಳನ್ನು ಒಂದು ಕೇಬಲ್ಲಿನಿಂದ ಜೋಡಿಸಿ ತೋರಿಸಲಾಯಿತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದೇ ಭಾಷೆಯಲ್ಲಿ ಮಾತಾಡಿಕೊಂಡ ಆ ಪ್ರಾತ್ಯಕ್ಷಿಕೆಯಲ್ಲಿ ಎರಡೂ ಕಡೆ ಇದ್ದದ್ದು ಕೀಬೋರ್ಡೇ. ಹಾಗಾಗಿ ಮಿಡಿ ಹೇಳುವುದೂ ಕೀಬೋರ್ಡಿನ ಸಂಗತಿಯನ್ನೇ: ಯಾವ ಮನೆಯನ್ನು ಯಾವಾಗ ಒತ್ತಿದ್ದು, 1ರಿಂದ 127ರ ಅಳತೆಯಲ್ಲಿ ಎಷ್ಟು ರಭಸವಾಗಿ, ಯಾವಾಗ ಬಿಟ್ಟಿದ್ದು. ಯಾವ ತಂತಿ, ಎಷ್ಟನೆಯ ಫ್ರೆಟ್ (ಮೆಟ್ಟಿಲು), ಪಿಕ್‌ನಿಂದಲೋ ಬೆರಳಿನಿಂದಲೋ ಎಂಬುದನ್ನು ಅದು ಹೇಳದು. ಅದನ್ನು ತುಂಬಿಕೊಡಬೇಕಾದವರು ಸಾಫ್ಟ್‌ವೇರ್ ಮಾಡಿದವರು ಮತ್ತು ಅದನ್ನು ಬಳಸುವವರು.

ಮಾಡಿದವರ ಪಾಲಿನ ಕೆಲಸ ಸ್ಟುಡಿಯೋದಲ್ಲಿ ಶುರುವಾಗುತ್ತದೆ. ಹಾಲಿವುಡ್‌ನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿರುವ ಈಸ್ಟ್‌ವೆಸ್ಟ್ ಸ್ಟುಡಿಯೋಸ್ ಒಂದು ಕಾಲಕ್ಕೆ ಬಿಲ್ ಪಟ್ನಮ್ ಅವರ ಧ್ವನಿಮುದ್ರಣ ಕೇಂದ್ರವಾಗಿತ್ತು. ಬೀಚ್ ಬಾಯ್ಸ್ ತಂಡದ 1966ರ ‘ಪೆಟ್ ಸೌಂಡ್ಸ್’ ಆಲ್ಬಮ್ಮಿನ ಬಹುಪಾಲು ಮುದ್ರಣ ಅಲ್ಲಿ ನಡೆಯಿತು. 2006ರಲ್ಲಿ ಆ ಕಟ್ಟಡವನ್ನು ಕೊಂಡವರು ಸ್ಯಾಂಪಲ್ (ಬಿಡಿ ಸ್ವರಗಳ ಮುದ್ರಣ) ಸಂಗ್ರಹಗಳನ್ನು ತಯಾರಿಸುವ ಈಸ್ಟ್‌ವೆಸ್ಟ್ ಕಂಪನಿಯ ಡಗ್ ರಾಜರ್ಸ್. ಕಂಪನಿಯ ‘ಮಿನಿಸ್ಟ್ರಿ ಆಫ್ ರಾಕ್’ ಸಂಗ್ರಹ 2007ರಲ್ಲಿ ಹೊರಬಂತು. ಲಾಸ್ ಏಂಜಲೀಸಿನದೇ ಆದ ಬಿಗ್ ಫಿಶ್ ಆಡಿಯೋ ಬಳಗದ ವರ್2 ಕಂಪನಿ ತನ್ನ ‘ಎಲೆಕ್ಟ್ರಿಸಿಟಿ’ ಎಂಬ ವಾದ್ಯದಲ್ಲಿ ಎಂಟು ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಸೇರಿಸಿತು. ಇಂಥ ಸಂಗ್ರಹಕ್ಕಾಗಿ ವಾದಕ ಒಂದೇ ಸ್ವರವನ್ನು ಮೆಲ್ಲಗೆ, ಸಾಧಾರಣವಾಗಿ, ಬಿರುಸಾಗಿ ನುಡಿಸಬೇಕು. ಪ್ರತಿ ಬಗೆಯನ್ನೂ ಹಲವು ಸಲ ನುಡಿಸಬೇಕು. ಒಂದೇ ಮುದ್ರಣ ಮತ್ತೆ ಮತ್ತೆ ಬಂದರೆ ಕಿವಿ ಅದನ್ನು ಯಂತ್ರದ ಬಡಿತ ಎಂದು ಪತ್ತೆ ಹಚ್ಚಿಬಿಡುತ್ತದೆ. ಸರದಿಯ ಪ್ರಕಾರ ಬೇರೆ ಬೇರೆ ಮುದ್ರಣ ಕೇಳಿಸುವ ಈ ಏರ್ಪಾಡಿಗೆ ರೌಂಡ್ ರಾಬಿನ್ ಎಂದು ಹೆಸರು. ಅಂಗೈ ಅಂಚನ್ನು ಕುದುರೆಯ ಬಳಿ ಊರಿ ನುಡಿಸುವ ಪಾಮ್ ಮ್ಯೂಟ್, ಜಾರು, ಹಾರ್ಮೋನಿಕ್ ಇವೆಲ್ಲವೂ ಬೇರೆಬೇರೆಯಾಗಿ ಮುದ್ರಿತವಾಗುತ್ತವೆ. ಗಿಟಾರಿನ ಅತಿ ಕೆಳಗಿನ ಸ್ವರ ಮಿಡಿಯಲ್ಲಿ 40ನೆಯ ಮನೆ. ಅದಕ್ಕಿಂತ ಕೆಳಗಿನ ಖಾಲಿ ಮನೆಗಳನ್ನು ಹಲವು ಸಾಫ್ಟ್‌ವೇರ್‌ಗಳು ಈ ಬಗೆಗಳನ್ನು ಬದಲಿಸುವ ಗುಂಡಿಗಳಂತೆ ಬಳಸುತ್ತವೆ.

ಸ್ಯಾಂಪಲ್ ಇಲ್ಲದೆ ಲೆಕ್ಕಾಚಾರದಿಂದಲೇ ತಂತಿಯ ಸದ್ದು ಹುಟ್ಟಿಸುವ ಇನ್ನೊಂದು ದಾರಿಯೂ ಇದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ ರೂಪಿಸಿ 1983ರಲ್ಲಿ ಪ್ರಕಟಿಸಿದ ವಿಧಾನ ಅದಕ್ಕೆ ಅಡಿಪಾಯ. ಕ್ಷಣಮಾತ್ರದ ಗದ್ದಲವೊಂದನ್ನು ಸಂಖ್ಯೆಗಳ ಸಾಲಿನಲ್ಲಿ ಸುತ್ತಿಸುತ್ತ, ಪ್ರತಿ ಸುತ್ತಿಗೂ ಪಕ್ಕಪಕ್ಕದ ಸಂಖ್ಯೆಗಳ ಸರಾಸರಿ ತೆಗೆಯುತ್ತ ಹೋದರೆ, ಮೀಟಿದ ತಂತಿ ಕ್ಷೀಣಿಸುವ ಹಾಗೆಯೇ ಸದ್ದು ಕ್ಷೀಣಿಸುತ್ತದೆ. ಸಾಲು ಚಿಕ್ಕದಾದಷ್ಟೂ ಶ್ರುತಿ ಏರುತ್ತದೆ. ಸೆಕೆಂಡಿಗೆ 44,100 ಸಂಖ್ಯೆಗಳ ಲೆಕ್ಕದಲ್ಲಿ ನೂರು ಸಂಖ್ಯೆಗಳ ಸಾಲು ಸುಮಾರು 440 ಹರ್ಟ್ಸ್ ಕೊಡುತ್ತದೆ. ಈ ದಾರಿಯಲ್ಲಿ ಮೀಟುವ ಜಾಗ, ಬಿಗಿತ ಎಲ್ಲವನ್ನೂ ಬದಲಿಸಬಹುದು. ಆದರೆ ಮರದ ಪೆಟ್ಟಿಗೆಯ ಗುಣವನ್ನು ಲೆಕ್ಕದಲ್ಲಿ ಹಿಡಿಯುವುದು ಕಷ್ಟ. ಸ್ಯಾನ್ ಡಿಯೇಗೊ ಕೌಂಟಿಯ ಲೆಮನ್ ಗ್ರೋವ್‌ನಲ್ಲಿ 1974ರಲ್ಲಿ ಬಾಬ್ ಟೇಲರ್ ಮತ್ತು ಕರ್ಟ್ ಲಿಸ್ಟಗ್ ಆರಂಭಿಸಿ, ಇಂದು ಎಲ್ ಕಹೋನ್‌ನಲ್ಲಿ ನೆಲೆಸಿರುವ ಟೇಲರ್ ಗಿಟಾರ್ಸ್ 2018ರಲ್ಲಿ ಗಿಟಾರಿನ ಮೇಲ್ಹಲಗೆಯ ಒಳಪಟ್ಟಿಗಳ ಜೋಡಣೆಯನ್ನೇ ಬದಲಿಸಿತು. ಆ್ಯಂಡಿ ಪವರ್ಸ್ ರೂಪಿಸಿದ ಆ ವಿನ್ಯಾಸದ ಗುರಿ ಸ್ವರ ಹೆಚ್ಚು ಹೊತ್ತು ನಿಲ್ಲುವುದು ಮತ್ತು ಶ್ರುತಿ ನೆಟ್ಟಗಿರುವುದು. ಒಳಪಟ್ಟಿಗಳ ದಿಕ್ಕು ಕೂಡ ಸದ್ದನ್ನು ಬದಲಿಸುವಾಗ, ಅಕೂಸ್ಟಿಕ್ ಗಿಟಾರಿಗೆ ಒಳ್ಳೆಯ ಸ್ಯಾಂಪಲ್ಲುಗಳೇ ಇಂದಿಗೂ ನೆಚ್ಚಿನ ಆಸರೆ.

ಬಳಸುವವರ ಕೆಲಸ ಕಾರ್ಡ್ ಕಟ್ಟುವುದರಿಂದ ಆರಂಭ. ಕೀಬೋರ್ಡಿನಲ್ಲಿ ಇ ಮೇಜರ್ ಎಂದರೆ ಒಂದೇ ಸ್ಥಾಯಿಯೊಳಗೆ ಒತ್ತೊತ್ತಾಗಿ ಕೂತ ಮೂರು ಸ್ವರ: ಸ-ಗ-ಪ. ಗಿಟಾರಿನಲ್ಲಿ ಅದೇ ಕಾರ್ಡ್ ಕೆಳಗಿನಿಂದ ಮೇಲಕ್ಕೆ ಸ-ಪ-ಸ-ಗ-ಪ-ಸ ಎಂದು ಎರಡು ಸ್ಥಾಯಿಗಳಲ್ಲಿ ಹರಡಿಕೊಳ್ಳುತ್ತದೆ. ಮಿಡಿ ಸಂಖ್ಯೆಯಲ್ಲಿ ಹೇಳುವುದಾದರೆ 40, 47, 52, 56, 59, 64. ಮಂದ್ರದಲ್ಲಿ ವಿಶಾಲ ಅಂತರ, ಗಾಂಧಾರ ಒಂದೇ ಸಲ, ಅದೂ ಮೂರನೆಯ ತಂತಿಯಲ್ಲಿ. ಹತ್ತು ಬೆರಳಿನ ಅಭ್ಯಾಸದಲ್ಲಿ ಬರೆದ ಕಾರ್ಡನ್ನು ಈ ಜೋಡಣೆಗೆ ಬಿಡಿಸಿ ಕೂರಿಸಿದ ಕೂಡಲೇ ಅರ್ಧ ಹುಸಿತನ ಕಳೆಯುತ್ತದೆ.

ಇನ್ನು ಸ್ಟ್ರಮ್, ಎಂದರೆ ತಂತಿಗಳನ್ನು ಒಂದೇ ಬೀಸಿನಲ್ಲಿ ಸವರುವುದು. ನಿಮಿಷಕ್ಕೆ 100 ಬಡಿತದ ಹಾಡೊಂದನ್ನು ಹತ್ತಿರದಿಂದ ನೋಡಬಹುದು. ಒಂದು ಬಡಿತ 600 ಮಿಲಿಸೆಕೆಂಡ್. ಅದನ್ನು 480 ಟಿಕ್‌ಗಳಾಗಿ ಒಡೆದರೆ ಒಂದು ಟಿಕ್ ಎಂದರೆ 1.25 ಮಿಲಿಸೆಕೆಂಡ್. ಪರದೆಯ ಮೇಲೆ ಆರು ಸ್ವರಗಳೂ ಒಂದೇ ಗೆರೆಗೆ ತಾಕಿ ನಿಂತಿದ್ದರೆ ಅದು ಪಿಯಾನೋ. ಕೆಳಬೀಸಿನಲ್ಲಿ ಪಿಕ್ ಆರನೆಯ ತಂತಿಯಿಂದ ಒಂದನೆಯದಕ್ಕೆ ಹಾಯುತ್ತದೆ; ಆದ್ದರಿಂದ 40ನೆಯ ಸ್ವರ ಗೆರೆಗಿಂತ ತುಸು ಮುಂಚೆ ಹೊರಟು, ಉಳಿದವು ಸುಮಾರು ಹತ್ತು ಟಿಕ್ ಅಂತರದಲ್ಲಿ ಒಂದರ ಹಿಂದೆ ಒಂದು ಬರಬೇಕು. ಇಡೀ ಬೀಸಿಗೆ 60 ಮಿಲಿಸೆಕೆಂಡಿನ ಆಸುಪಾಸು. ಕೈ ಬೀಸುವಾಗ ವೇಗ ಏರುವುದರಿಂದ ಕೊನೆಯ ತಂತಿಗಳ ನಡುವಿನ ಅಂತರ ಇನ್ನೂ ಕಿರಿದಾಗಬಹುದು. ವೆಲಾಸಿಟಿ, ಅಂದರೆ ರಭಸ, ಎಲ್ಲಕ್ಕೂ 100 ಎಂದಿಡದೆ 96, 88, 91, 84 ಎಂಬಂತೆ ಏರಿಳಿಯಲಿ. ಮೇಲ್ಬೀಸು ಬೇರೆ ಜಾಯಮಾನದ್ದು. ಅದು ಒಂದನೆಯ ತಂತಿಯಿಂದ ಹೊರಟು ಮೂರೋ ನಾಲ್ಕೋ ತಂತಿ ಸವರಿ ಮುಗಿಯುತ್ತದೆ: 64, 59, 56, ಅಷ್ಟೆ, ವೆಲಾಸಿಟಿ 60-70ರ ಸುತ್ತ. ಸ್ವರ ಕೇಳಿಸದ ಜಾಗದಲ್ಲೂ ಮಣಿಕಟ್ಟು ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಅದಕ್ಕೇ ಬಡಿತದ ಮೇಲೆ ಕೆಳಬೀಸು, ನಡುವೆ ಮೇಲ್ಬೀಸು ಎಂಬ ಕ್ರಮ ತಪ್ಪಬಾರದು.

ಕಾರ್ಡ್ ಬದಲಾಗುವ ಗಳಿಗೆ ಇನ್ನೂ ಸೂಕ್ಷ್ಮ. ಬೆರಳು ಎತ್ತಿದ ಕೂಡಲೇ ಒತ್ತಿದ್ದ ತಂತಿಗಳು ಸುಮ್ಮನಾಗುತ್ತವೆ, ತೆರೆದ ತಂತಿಗಳು ಇನ್ನೂ ಗುನುಗುತ್ತಿರುತ್ತವೆ. ಮೇಲಿನ ಇ ಮೇಜರ್‌ನಲ್ಲಿ 40, 59, 64 ತೆರೆದ ತಂತಿಗಳು. ಅವನ್ನು ಸ್ವಲ್ಪ ಉದ್ದ ಬಿಟ್ಟು, ಉಳಿದ ಮೂರನ್ನು ಕೊಂಚ ಮುಂಚೆ ಕತ್ತರಿಸಿದರೆ ಕೈ ಚಲಿಸಿದ್ದು ಕಿವಿಗೆ ಗೊತ್ತಾಗುತ್ತದೆ. ಸುರುಳಿ ಸುತ್ತಿದ ದಪ್ಪ ತಂತಿಗಳ ಮೇಲೆ ಬೆರಳು ಜಾರಿದಾಗ ಕೀಚಲು ಸದ್ದು ಹುಟ್ಟುತ್ತದೆ. ಅದನ್ನು ಪ್ರತಿ ಬದಲಾವಣೆಗೂ ಹಾಕಿದರೆ ರೇಜಿಗೆ. ದೂರದ ಜಿಗಿತಗಳಿಗೆ ಮಾತ್ರ ಮೀಸಲಿಟ್ಟರೆ ಹಿತ.

ಒಂಟಿ ಸ್ವರಗಳ ನುಡಿಸಾಣಿಕೆಯಲ್ಲಿ ತಂತಿಯ ಆಯ್ಕೆಯೇ ಮುಖ್ಯ. ಮಿಡಿಯ 64ನೆಯ ಸ್ವರ ತೆರೆದ ಒಂದನೆಯ ತಂತಿಯಲ್ಲಿದೆ, ಎರಡನೆಯದರ 5ನೆಯ ಫ್ರೆಟ್‌ನಲ್ಲಿದೆ, ಮೂರನೆಯದರ 9ರಲ್ಲಿ, ನಾಲ್ಕನೆಯದರ 14ರಲ್ಲಿಯೂ ಇದೆ. ಶ್ರುತಿ ಒಂದೇ, ಬಣ್ಣ ನಾಲ್ಕು: ತೆಳು ತೆರೆದ ತಂತಿಯಲ್ಲಿ ಹೊಳಪು, ದಪ್ಪ ತಂತಿಯ ಮೇಲ್ಫ್ರೆಟ್‌ನಲ್ಲಿ ದುಂಡನೆಯ ಗಂಭೀರ ನಾದ. ಒಳ್ಳೆಯ ಸಾಫ್ಟ್‌ವೇರ್ ಕೈ ಎಲ್ಲಿದೆ ಎಂದು ಊಹಿಸಿ ತಾನೇ ತಂತಿ ಆರಿಸುತ್ತದೆ. ಆ ಊಹೆ ಒಂದು ಸ್ವರಕ್ಕೆ 3ನೆಯ ಫ್ರೆಟ್‌ಗೂ ಮುಂದಿನದಕ್ಕೆ 14ಕ್ಕೂ ಹಾರಿದ್ದರೆ ಬರೆದವರೇ ತಿದ್ದಬೇಕು.

ಬೆಂಡ್ ಎಂಬುದನ್ನು ವೀಣೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದಾಗ ಶ್ರುತಿ ಏರುತ್ತದೆ. ಬಿಟ್ಟರೆ ಇದ್ದಲ್ಲಿಗೆ ಮರಳುತ್ತದೆ. ಇದ್ದುದಕ್ಕಿಂತ ಕೆಳಗೆ ಹೋಗದು. ಕೀಬೋರ್ಡಿನ ಪಿಚ್ ಚಕ್ರ ಎರಡೂ ಕಡೆ ತಿರುಗುತ್ತದೆ, ಅಲ್ಲೇ ಎಡವಟ್ಟು. ಬೆರಳಿನಿಂದ ತಂತಿ ಎಳೆದು ಮಾಡುವ ಕಂಪನ ಮೂಲ ಸ್ವರದಿಂದ ಮೇಲಕ್ಕಷ್ಟೇ ಆಡಬೇಕು. ಒಂದು ಪೂರ್ಣ ಸ್ವರ ಎಳೆದು ನಿಲ್ಲಿಸಿದ ಮೇಲಿನ ಕಂಪನ ತಲುಪಿದ ಸ್ವರದಿಂದ ಕೆಳಕ್ಕೆ ಸಡಿಲಿ ಮತ್ತೆ ಏರಬೇಕು. ಏರುವ ಗೆರೆ ನೇರವಾಗಿರದೆ, ಮೆಲ್ಲಗೆ ಹೊರಟು ನಡುವೆ ಬಿರುಸಾಗಿ, ಗುರಿಯ ಬಳಿ ತೂಗಿಕೊಂಡು ನಿಲ್ಲುವಂತಿದ್ದರೆ ಅದರಲ್ಲಿ ಬೆರಳಿನ ಶ್ರಮ ಕೇಳಿಸುತ್ತದೆ. ಗಮಕದ ಸೊಗಸು ಇರುವುದೂ ಆ ಹಾದಿಯಲ್ಲೇ.

ಮಿಡಿಯಲ್ಲಿ ಪಿಚ್ ಬೆಂಡ್ ಇಡೀ ಚಾನೆಲ್ಲಿಗೆ ಅನ್ವಯಿಸುತ್ತದೆ: ಒಂದು ತಂತಿ ಎಳೆದರೆ ಜೊತೆಯ ತಂತಿಗಳೂ ಏರಿಬಿಡುತ್ತವೆ. ಒಂದೊಂದು ತಂತಿಗೆ ಒಂದೊಂದು ಚಾನೆಲ್ ಕೊಡುವುದೇ ಪರಿಹಾರ. ಈ ವಿಚಾರವನ್ನು ಬಹು ಹಿಂದೆಯೇ ಸಂಗೀತಕ್ಕೆ ಇಳಿಸಿದವರಲ್ಲಿ ಗಿಟಾರ್ ವಾದಕ ಆಲನ್ ಹೋಲ್ಡ್ಸ್‌ವರ್ತ್ ಒಬ್ಬರು. ಇಂಗ್ಲೆಂಡಿನಿಂದ ಬಂದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, 2017ರಲ್ಲಿ ಸ್ಯಾನ್ ಡಿಯೇಗೊ ಕೌಂಟಿಯ ವಿಸ್ಟಾದಲ್ಲಿ ತೀರಿಕೊಂಡ ಅವರು, 1986ರ ‘ಅಟಾವಾಕ್ರಾನ್’ ಆಲ್ಬಮ್ಮಿನಲ್ಲಿ ಸಿಂಥ್‌ಆಕ್ಸ್ ನುಡಿಸಿದರು. ಸಿಂಥ್‌ಆಕ್ಸ್‌ಗೆ ತನ್ನದೇ ದನಿಯಿಲ್ಲ; ತಂತಿಯ ಮೇಲಿನ ಕೈಚಲನೆಯನ್ನು ಮಿಡಿಯಾಗಿಸಿ ಸಿಂಥಸೈಜರಿಗೆ ಕಳುಹಿಸುವುದಷ್ಟೇ ಅದರ ಕೆಲಸ. ಅದೇ ಕೌಂಟಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಿಲ್ಲರ್ ಪಕೆಟ್, ಪ್ಯಾರಿಸಿನಲ್ಲಿ ಮ್ಯಾಕ್ಸ್ ಎಂಬ ತಂತ್ರಾಂಶ ರೂಪಿಸಿದ ಮೇಲೆ, ಪ್ಯೂರ್ ಡೇಟಾ ಎಂಬ ಉಚಿತ ಸಂಗೀತ ತಂತ್ರಾಂಶವನ್ನು ಬೆಳೆಸಿದರು. ಗಿಟಾರಿನ ಆರು ತಂತಿಗಳ ಸಂಕೇತವನ್ನು ಬೇರೆಬೇರೆಯಾಗಿ ಹಿಡಿದು ಸಂಸ್ಕರಿಸುವ ಪ್ರಯೋಗಗಳನ್ನೂ ನಡೆಸಿದರು.

ದಪ್ಪನೆಯ ರಾಕ್ ಗಿಟಾರಿನ ಗುಟ್ಟು ಇಮ್ಮಡಿ ಮುದ್ರಣ. ಹಾಲಿವುಡ್‌ನ ಕರ್ಸನ್ ಅವೆನ್ಯೂ ಮನೆಯ ಗ್ಯಾರೇಜಿನಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಡಿಸ್ಕಿನಿಂದ ಡಿಸ್ಕಿಗೆ ಮುದ್ರಿಸುತ್ತ, ತಾವೊಬ್ಬರೇ ನುಡಿಸಿದ ಎಂಟು ಗಿಟಾರ್ ಭಾಗಗಳನ್ನು ಒಂದರ ಮೇಲೊಂದು ಹೇರಿ ತಯಾರಿಸಿದ ‘ಲವರ್’ 1948ರಲ್ಲಿ ಹೊರಬಂತು. ಎರಡನೆಯ ಸಲ ನುಡಿಸುವಾಗ ಕೈ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟಾಗ ಆ ವ್ಯತ್ಯಾಸವೇ ವಿಸ್ತಾರವಾಗಿ ಕೇಳಿಸುತ್ತದೆ. ಕಂಪ್ಯೂಟರಿನಲ್ಲಿ ಒಂದೇ ಟ್ರ್ಯಾಕನ್ನು ನಕಲು ಮಾಡಿ ಎರಡು ಬದಿಗಿಟ್ಟರೆ ಸದ್ದು ನಡುವೆಯೇ ಕೂರುತ್ತದೆ, ತುಸು ಜೋರಾಗುತ್ತದೆ ಅಷ್ಟೆ. ಎರಡನೆಯ ಭಾಗವನ್ನು ಮತ್ತೆ ನುಡಿಸಿಯೇ ಮುದ್ರಿಸಬೇಕು. ಅದಾಗದಿದ್ದರೆ ಸ್ವರಗಳನ್ನು ಅರ್ಧ ಸ್ವರ ಮೇಲಕ್ಕೆ ಸರಿಸಿ, ವಾದ್ಯದ ಶ್ರುತಿಯನ್ನು ಅಷ್ಟೇ ಇಳಿಸಿದರೆ ಪಕ್ಕದ ಸ್ವರಗಳ ಸ್ಯಾಂಪಲ್ಲುಗಳು ಬಳಕೆಯಾಗಿ ಎರಡನೆಯ ಕೈ ಸಿಕ್ಕಂತಾಗುತ್ತದೆ.

ಎಲೆಕ್ಟ್ರಿಕ್ ಗಿಟಾರಿಗೆ ಆಂಪ್ (ಆಂಪ್ಲಿಫೈಯರ್) ಎಂಬುದು ವಾದ್ಯದ ಇನ್ನರ್ಧ. 1932ರಲ್ಲಿ ಲಾಸ್ ಏಂಜಲೀಸಿನ ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಮಾರುಕಟ್ಟೆಗೆ ತಂದ, ಬಾಣಲೆಯಾಕಾರದ ಹವಾಯಿ ಗಿಟಾರಿನ ಕಾಲದಿಂದಲೂ ಪಿಕಪ್ ಹಿಡಿಯುವುದು ತಂತಿಯ ಅಲುಗಾಟವನ್ನು. ನಾದ ರೂಪುಗೊಳ್ಳುವುದು ಆಂಪ್ ಮತ್ತು ಸ್ಪೀಕರಿನಲ್ಲಿ. ಲಾಸ್ ಏಂಜಲೀಸಿನ ವಾಯವ್ಯದ ಊರುಗಳಲ್ಲಿ ಬೆಳೆದ ಲೈನ್ 6 ಕಂಪನಿ ಆಂಪ್‌ಗಳ ಗುಣವನ್ನು ಲೆಕ್ಕಕ್ಕಿಳಿಸಿ 1998ರಲ್ಲಿ ಪಾಡ್ ಎಂಬ ಕೆಂಪು ಪೆಟ್ಟಿಗೆಯಲ್ಲಿ ತುಂಬಿತು. ಇಂದು ಆ ಕೆಲಸ ಪ್ಲಗಿನ್‌ಗಳದು. ಸಾಫ್ಟ್‌ವೇರ್ ಗಿಟಾರಿನಿಂದ ಬರುವ ಬೋಳು ಸಂಕೇತ ಮೊದಲು ಆಂಪ್ ಮಾದರಿಗೆ, ಅಲ್ಲಿಂದ ಸ್ಪೀಕರ್ ಪೆಟ್ಟಿಗೆಯ ಮಾದರಿಗೆ ಹೋಗಬೇಕು. ಗಿಟಾರಿನ ಹನ್ನೆರಡು ಇಂಚಿನ ಸ್ಪೀಕರ್ 5,000 ಹರ್ಟ್ಸ್ ದಾಟಿದ ಮೇಲೆ ಸೊರಗುತ್ತದೆ. ಸ್ಪೀಕರ್ ಪೆಟ್ಟಿಗೆಯ ಮಾದರಿಯನ್ನು ಬಿಟ್ಟರೆ ಡಿಸ್ಟಾರ್ಷನ್ ಜೇನುನೊಣದ ಗುಂಯ್‌ಗುಡುವಿಕೆಯಾಗಿಬಿಡುತ್ತದೆ. ಡಿಸ್ಟಾರ್ಷನ್ ಹೆಚ್ಚಿದಾಗ ಸ-ಪ ಎರಡೇ ಸ್ವರದ ಪವರ್ ಕಾರ್ಡ್ ಏಕೆ ಹೊಂದುತ್ತದೆ ಎಂಬುದಕ್ಕೂ ಶ್ರುತಿಯಲ್ಲೇ ಉತ್ತರವಿದೆ. ಗಿಟಾರಿನ ಪಂಚಮ ಶುದ್ಧ ಪಂಚಮಕ್ಕಿಂತ ಕೇವಲ 2 ಸೆಂಟ್ (ಸೆಂಟ್ ಎಂದರೆ ಅರ್ಧ ಸ್ವರದ ನೂರರಲ್ಲೊಂದು ಪಾಲು) ಆಚೆ. ಗಾಂಧಾರವಾದರೋ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರು. ಡಿಸ್ಟಾರ್ಷನ್ ಆ ಬಿರುಕನ್ನು ಹಿಗ್ಗಿಸಿ ಕಲಕುತ್ತದೆ.

ಹಿನ್ನೆಲೆಯ ಸ್ಟ್ರಮ್, ಪವರ್ ಕಾರ್ಡಿನ ಬಡಿತ, ಬಿಡಿಸಿ ನುಡಿಸುವ ಆರ್ಪೆಜಿಯೋ, ಪಾಮ್ ಮ್ಯೂಟಿನ ಓಟ: ಇವು ಸಾಫ್ಟ್‌ವೇರಿಗೆ ಚೆನ್ನಾಗಿ ಒಗ್ಗುವ ಕೆಲಸಗಳು. ತಂತಿಯನ್ನು ನಿರಂತರ ಎಳೆದು ಸಡಿಲಿಸುವ ಬ್ಲೂಸ್ ಸೋಲೋ, ಆಂಪ್ ಎದುರು ನಿಂತು ಹುಟ್ಟಿಸುವ ಫೀಡ್‌ಬ್ಯಾಕ್, ಸ್ಲೈಡ್ ಗಿಟಾರಿನ ಮೆಟ್ಟಿಲಿಲ್ಲದ ಜಾರು: ಇವಕ್ಕೆ ಜೀವಂತ ಕೈ ಬೇಕು. ಹಾಲಿವುಡ್ ಇರಲಿ, ಬೆಂಗಳೂರಿನ ಸ್ಟುಡಿಯೋ ಇರಲಿ, ಪ್ರೋಗ್ರಾಮಿಂಗ್‌ನಲ್ಲಿ ಹಾಡಿನ ಮೈಕಟ್ಟು ನಿಂತ ಮೇಲೆ ಅಂಥ ಭಾಗಗಳಿಗೆ ಗಿಟಾರ್ ವಾದಕರನ್ನು ಕರೆಸುವುದು ಒಳ್ಳೆಯ ಪದ್ಧತಿ. ಆರು ತಂತಿಯ ಕಟ್ಟುಪಾಡಿಗೆ ತಲೆಬಾಗಿ ಬರೆದ ಟ್ರ್ಯಾಕ್ ಆಗ ಇನ್ನೊಂದು ಉಪಕಾರ ಮಾಡುತ್ತದೆ: ವಾದಕರು ಅದನ್ನು ಕೇಳಿದ ಕೂಡಲೇ ಫ್ರೆಟ್ ಗುರುತಿಸಿ ನುಡಿಸತೊಡಗಬಲ್ಲರು.