ಬಾನೆಟ್ಟಿನ ಮೇಲಿನ ಬಿಳಿ ಪುಡಿ

ನಮ್ಮ ಕರಾವಳಿಯ ನಾವುಂದದಲ್ಲಿ ಕಾರಿಗೆ ನೆರಳೆಂದರೆ ತೆಂಗಿನ ಬುಡ, ಇಲ್ಲವೇ ಮಾವಿನ ಬುಡ. ಚಳಿಗಾಲದಲ್ಲಿ ಎರಡರ ಅಡಿಯೂ ಅಂಟು ಬೀಳುತ್ತದೆ, ಅಂಟಿಗೆ ಸಣ್ಣ ಹುಳಗಳು ಸಿಕ್ಕಿಕೊಳ್ಳುತ್ತವೆ. ಕಂಡ ಕೂಡಲೇ ಕೆಲವರು ಒಣ ಬಟ್ಟೆ ತರುತ್ತಾರೆ, ಕೆಲವರು ಜಿರಳೆಗೆ ಹೊಡೆಯುವ ಸ್ಪ್ರೇ ತರುತ್ತಾರೆ. ಅದಕ್ಕೂ ಮೊದಲು ಭೂತಗನ್ನಡಿ ಹಿಡಿದು ಹುಳ ನೋಡಿ, ಆಮೇಲೆ ತಲೆಯೆತ್ತಿ ಮರ ನೋಡಿ.

ಮಾವಿನ ಹೂವಿನ ಕಾಲದ ಹುಳ ಗುರುತಿಸುವುದು ಸುಲಭ. ಬೂದುಗಂದು ಬಣ್ಣ, ತಲೆ ಅಗಲ, ಹಿಂಬದಿ ಚೂಪು. ಬೆರಳು ಹತ್ತಿರ ತಂದರೆ ಪಕ್ಕಕ್ಕೆ ಜಿಗಿಯುತ್ತದೆ. ಅದು ಮಾವಿನ ಜಿಗಿಹುಳು. ಹೂ ಮುಗಿದು ಮಿಡಿ ಕಟ್ಟಿದ ಮೇಲೆ ಅದರ ಕಾಟ ತಗ್ಗುತ್ತದೆ.

ತೆಂಗಿನಡಿಯ ಕಾರಿನ ಕಥೆ ದೊಡ್ಡದು. ಬಿಳಿ ಮೇಣದ ಪುಡಿ, ಹತ್ತಿಯೆಳೆಯಂಥ ಚೂರು, ಸುಮಾರು ಎರಡೂವರೆ ಮಿಲಿಮೀಟರಿನ ಜಡ ನಡೆಯ ಬಿಳಿ ಕೀಟ ಕಂಡರೆ ಅದು ರುಗೋಸ್ ಸುರುಳಿ ಬಿಳಿನೊಣ. ಮಧ್ಯ ಅಮೆರಿಕ ಕಡೆಯ ಈ ಕೀಟ ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯ ತೆಂಗಿನಲ್ಲಿ. ಆಮೇಲೆ ಕೇರಳಕ್ಕೂ ನಮ್ಮ ಕರಾವಳಿಗೂ ಹಬ್ಬಿತು. ಗರಿಯ ಅಡಿಯಲ್ಲಿ ಸುರುಳಿಯಾಗಿ ಮೊಟ್ಟೆಯಿಟ್ಟು ಮೇಣ ಹೊದಿಸುತ್ತದೆ. ಹೀರಿದ ರಸದಲ್ಲಿ ಹೆಚ್ಚಾದ ಸಕ್ಕರೆಯನ್ನು ಹನಿಯಾಗಿ ಕೆಳಗೆ ಬಿಡುತ್ತದೆ. ಬಾಳೆ ಎಲೆಯಾಗಲಿ, ಕಾರಿನ ಗಾಜಾಗಲಿ, ಅಡಿಯಲ್ಲಿದ್ದದ್ದಕ್ಕೆಲ್ಲ ಅದೇ ಅಂಟು. ತೊಳೆಯದೆ ಬಿಟ್ಟರೆ ಅದರ ಮೇಲೆ ಮಸಿಯಂತೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಬಿದ್ದ ತೆಂಗಿನ ಗರಿಯೊಂದನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡಿ. ಬಿಳಿನೊಣ ಹೊರಬಿದ್ದ ಕೋಶದಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೀಳಿದ ಬಿರುಕಿರುತ್ತದೆ. ಕೆಲವು ಕೋಶಗಳಲ್ಲಿ ಮಾತ್ರ ಸೂಜಿ ಚುಚ್ಚಿದ ಹಾಗೆ ದುಂಡನೆಯ ತೂತು. ಬಿಳಿನೊಣದ ಮರಿಯನ್ನು ಒಳಗಿಂದಲೇ ತಿಂದು ಮುಗಿಸಿದ ಎನ್ಕಾರ್ಸಿಯಾ ಎಂಬ ಕಣಜ ಹೊರಬಂದ ದಾರಿ ಅದು. ಒಂದು ಮಿಲಿಮೀಟರ್ ಕೂಡ ಇಲ್ಲದ ಆ ಜೀವ ನಮ್ಮ ತೋಟಕ್ಕೆ ಮಾಡುತ್ತಿರುವ ಉಪಕಾರ ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ. ತೆಂಗಿಗೆ ಕೀಟನಾಶಕ ಹೊಡೆಯಬೇಡಿ ಎಂದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವುದು ಈ ಕಣಜದ ಸಲುವಾಗಿಯೇ. ಕಾರಿನ ಅಂಟಿಗಾಗಿ ಮರಕ್ಕೆ ವಿಷ ಹಾಕಿಸುವುದು ದೊಡ್ಡ ತಪ್ಪು.

ಅಂಟು ಬಹುಪಾಲು ಸಕ್ಕರೆ, ನೀರಿಗೆ ಕರಗುತ್ತದೆ. ಆದರೆ ಮರವಂತೆ ಕಡಲ ಕಡೆಯ ಗಾಳಿ ತಂದ ಉಪ್ಪು, ಮರಳು ಅದರೊಳಗೆ ಸೇರಿರುತ್ತವೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣಕ್ಕೆ ಗೀರು ಖಂಡಿತ. ಬಿಸಿಲೇರುವ ಮೊದಲು ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ನೆನೆಸಿ, ಕಾರಿನ ಶಾಂಪೂ ಹಾಕಿ ತೊಳೆಯಿರಿ. ರಬ್ಬರ್ ಬೀಡಿಂಗಿನ ಬೂಷ್ಟಿಗೆ ಮೆತ್ತನೆಯ ಬ್ರಷ್ ಸಾಕು. ಸೀಮೆಎಣ್ಣೆ ಖಂಡಿತ ಬೇಡ, ಕಾರಿನ ಬಣ್ಣದ ಮೇಲಿನ ಮೇಣದ ಪದರವನ್ನೂ ರಬ್ಬರನ್ನೂ ಅದು ಕೆಡಿಸುತ್ತದೆ.

ಅಂಟಿನ ಹಿಂದೆ ಇರುವೆಗಳು ಬರುತ್ತವೆ. ಚಗಳಿಯಾದರೆ ಮರದ ಕೊಂಬೆ ಕಾರಿಗೆ ತಾಗುತ್ತಿದೆಯೇ ನೋಡಿ. ಕಾರು ನಾಲ್ಕು ಮಾರು ಆಚೆಗೆ ಸರಿಸಿದರೆ ಅವುಗಳ ದಾರಿ ಕಡಿಯುತ್ತದೆ. ಗೊತ್ತುಗುರಿಯಿಲ್ಲದೆ ಓಡಾಡುವ ಸಣ್ಣ ಕಪ್ಪಿರುವೆಗಳು ಮಾತ್ರ ಕಾರಿನಲ್ಲೇ ಗೂಡು ಮಾಡಬಲ್ಲವು. ವೈಪರ್ ಅಡಿಯ ಕೊಳೆತ ಎಲೆ, ಸೀಟಿನಡಿಯ ತಿಂಡಿಯ ಪುಡಿ ತೆಗೆದು, ಸಕ್ಕರೆ ನೀರಿಗೆ ಚೂರೇ ಚೂರು ಬೋರಿಕ್ ಪುಡಿ ಕದಡಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬೋರಿಕ್ ಜಾಸ್ತಿಯಾದರೆ ಇರುವೆ ಗೂಡು ಮುಟ್ಟುವ ಮೊದಲೇ ಸಾಯುತ್ತದೆ, ಒಳಗಿನ ರಾಣಿಗೆ ಏನೂ ಆಗುವುದಿಲ್ಲ.

ತೆಂಗಿನ ಗರಿಯಲ್ಲಿ ದುಂಡು ತೂತುಗಳೇ ಕಡಿಮೆ ಕಂಡವರು ಎರಡು ಗರಿ ಕಡಿದು ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿ. ಉಳಿದವರು ಜೂನ್ ಮಳೆ ಜೋರಾಗುವವರೆಗೆ ಕಾರಿಗೊಂದು ಹೊದಿಕೆ ಹಾಕಿಕೊಳ್ಳಿ.