ಹನ್ನೆರಡು ಸಿಲಿಂಡರಿನ ದನಿ ಕೇಳುವ ಬಗೆ

ಗ್ರ್ಯಾಂಡ್ ಟೂರರ್ ರೇಸಿನ ಕಾರಲ್ಲ. ಇಬ್ಬರು ಕೂತು, ಹಿಂದೆ ಪೆಟ್ಟಿಗೆ ಇಟ್ಟುಕೊಂಡು, ಬೆಳಿಗ್ಗೆ ಹೊರಟು ದೇಶದ ಗಡಿ ದಾಟಿ, ಸಂಜೆ ದಣಿಯದೆ ಇಳಿಯಲೆಂದು ಮಾಡಿದ ಕಾರು. ಇದರ ರುಚಿ ಹತ್ತಿಸಿಕೊಳ್ಳಲು ಒಂದೇ ಮನೆಯ ಎರಡು ಕಾರುಗಳು ಸಾಕು: 1968ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ ಫೆರಾರಿ 365 ಜಿಟಿಬಿ/4, ಎಲ್ಲರ ಬಾಯಲ್ಲಿ ‘ಡೇಟೋನಾ’, ಇನ್ನೊಂದು 1996ರ 550 ಮರಾನೆಲ್ಲೊ.

ಮೊದಲು ಹೆಸರು ಓದಿ. 365 ಎಂದರೆ ಒಂದೊಂದು ಸಿಲಿಂಡರಿನ ಸಿಸಿ. ಹನ್ನೆರಡೂ ಸೇರಿ ಸುಮಾರು 4.4 ಲೀಟರ್. ಕೊನೆಯ 4 ಕ್ಯಾಮ್‌ಶಾಫ್ಟ್‌ಗಳ ಲೆಕ್ಕ. 550 ಮಾತ್ರ ಇಡೀ ಎಂಜಿನ್ನಿನ 5.5 ಲೀಟರ್ ಅನ್ನು ಹೇಳುತ್ತದೆ.

ಹನ್ನೆರಡೇ ಏಕೆ? ಸಾಲಾಗಿ ನಿಂತ ಆರು ಸಿಲಿಂಡರುಗಳು ತಮ್ಮ ಅದುರನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಅಂಥ ಎರಡು ಸಾಲನ್ನು ಒಂದೇ ಕ್ರ್ಯಾಂಕಿಗೆ ಕಟ್ಟಿದರೆ ಸುತ್ತಿಗೆ ಆರು ಸಲ ಇಂಧನ ಹೊತ್ತುತ್ತದೆ. ವೇಗ ಏರಿದಂತೆ ಬಿಡಿಬಿಡಿ ಬಡಿತ ಅಳಿದು ಒಂದೇ ನೀಳ ದನಿಯಾಗುತ್ತದೆ.

ಕಿವಿಗೆ ನಿಜವಾದ ಕೆಲಸ ಇಲ್ಲೇ ಶುರು. ಡೇಟೋನಾದಲ್ಲಿ ಆರು ವೆಬರ್ ಕಾರ್ಬುರೇಟರ್, ಒಂದೊಂದಕ್ಕೂ ಎರಡು ಗಂಟಲು. ಅಂದರೆ ಪ್ರತಿ ಸಿಲಿಂಡರಿಗೂ ತನ್ನದೇ ಗಂಟಲು. ಆಕ್ಸಿಲರೇಟರ್ ಒತ್ತಿದಾಗ ಸೈಲೆನ್ಸರಿನ ಸದ್ದಿಗಷ್ಟೇ ಕಿವಿಗೊಡಬೇಡಿ. ಬಾನೆಟ್ಟಿನ ಅಡಿಯಲ್ಲಿ ಗಾಳಿ ಸೇದುವ ಒರಟು ಉಸಿರನ್ನು ಹಿಡಿಯಿರಿ. ತಣ್ಣಗಿರುವಾಗ ಅದು ಕೆಮ್ಮುತ್ತದೆ, ಬಿಸಿಯೇರಿದಂತೆ ಗಂಟಲು ಬಿಡಿಸಿಕೊಳ್ಳುತ್ತದೆ. 550ರಲ್ಲಿ ಇಂಧನ ಅಳೆದು ಸಿಂಪಡಿಸುವುದು ಎಲೆಕ್ಟ್ರಾನಿಕ್ಸ್. ಚಾವಿ ತಿರುಗಿಸಿದ ಕೂಡಲೇ ದನಿ ನೆಲೆಗೊಳ್ಳುತ್ತದೆ. ಆ ಉಸಿರು ಮಾತ್ರ ಇಲ್ಲ, ಅದು ನನಗೆ ದೊಡ್ಡ ನಷ್ಟ.

ಆಮೇಲೆ ಕೈ. ಎರಡರಲ್ಲೂ ಗೇರಿನ ಕಡ್ಡಿ ಸೀಳು ಕೊರೆದ ಲೋಹದ ತಟ್ಟೆಯೊಳಗೆ ಓಡಾಡುತ್ತದೆ. ಪ್ರತಿ ಬದಲಾವಣೆಗೂ ಲೋಹಕ್ಕೆ ಲೋಹ ತಾಗಿ ‘ಟಕ್’. ಗೇರ್‌ಬಾಕ್ಸ್ ಇರುವುದು ಹಿಂದಿನ ಚಕ್ರಗಳ ನಡುವೆ, ಮುಂದಿನ ಭಾರಿ ಎಂಜಿನ್ನಿಗೆ ತೂಕ ಸರಿಹೋಗಲೆಂದು. ಎಣ್ಣೆ ಕಾಯುವವರೆಗೆ ಡೇಟೋನಾದ ಎರಡನೇ ಗೇರ್ ಹಟ ಹಿಡಿಯುತ್ತದೆ. ಬಲ್ಲವರು ಒಂದರಿಂದ ನೇರ ಮೂರಕ್ಕೆ ಹೋಗುತ್ತಾರೆ. ಪವರ್ ಸ್ಟೇರಿಂಗ್ ಇಲ್ಲದ್ದರಿಂದ ನಿಲ್ಲಿಸುವಾಗ ತೋಳು ಸೋಲುತ್ತದೆ, ಹೆದ್ದಾರಿಯಲ್ಲಿ ಅದೇ ಸ್ಟೇರಿಂಗ್ ಹಗುರ. 550ರಲ್ಲಿ ಆ ಹೆಣಗಾಟವಿಲ್ಲ.

ಕಣ್ಣಿಗೆ ಎರಡೂ ಪಿನಿನ್‌ಫರೀನಾದ ಕೆಲಸ: ಉದ್ದ ಬಾನೆಟ್, ಹಿಂದೆ ಸರಿದ ಕ್ಯಾಬಿನ್, ಬಾಲದಲ್ಲಿ ನಾಲ್ಕು ದುಂಡು ದೀಪ. ಡೇಟೋನಾ 1973ಕ್ಕೆ ಮುಗಿದ ಮೇಲೆ ಅದರ ಜಾಗಕ್ಕೆ ಬಂದ ಎರಡು ಸೀಟಿನ ಕಾರುಗಳಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದೆ ಹೋಯಿತು. ಅದನ್ನು ಮತ್ತೆ ಮುಂದಕ್ಕೆ ತಂದದ್ದು 550.

ಶಕ್ತಿ 352ರಿಂದ 485 ಅಶ್ವಶಕ್ತಿಗೆ, ವೇಗ ಗಂಟೆಗೆ 280ರಿಂದ 320 ಕಿ.ಮೀ.ಗೆ ಏರಿತು. ಇದರಿಂದ ಮೇಲುಕೀಳು ನಿರ್ಧರಿಸಬೇಡಿ. ದೂರದ ಪ್ರಯಾಣಕ್ಕೆ 550 ಉತ್ತಮ ಕಾರು, ಅನುಮಾನವೇ ಇಲ್ಲ. ಆದರೆ ಕಿವಿ ಪಳಗಬೇಕಾದರೆ ಡೇಟೋನಾ ಮೊದಲು. ತಣ್ಣಗಿದ್ದ ಡೇಟೋನಾ ಶುರುವಾಗುವ ಧ್ವನಿಮುದ್ರಿಕೆ ಸಿಕ್ಕರೆ ಒಳ್ಳೆಯ ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿ, ಆಮೇಲೆ 550ರದು ಕೇಳಿ.