ಚುಕ್ಕೆ ಉದುರಿದ ಮೇಲೆ

ಧನುರ್ಮಾಸದ ಚಳಿ ಹಿಡಿದಿದೆ, ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಯವರೆಗೆ ಮೀನು ಸಾಕಿದವರ ಬಾಯಲ್ಲಿ ಬಿಳಿ ಚುಕ್ಕೆ ರೋಗದ್ದೇ ಮಾತು. ಜೊತೆಗೆ ಅದೇ ಹಳೆಯ ರಾಗ: ‘ಮೂರು ದಿನ ನೀಲಿ ಔಷಧ ಹಾಕಿದೆ, ವಾಸಿಯಾಯ್ತು, ಮತ್ತೆ ಬಂತು.’

ಹೋಗಿದ್ದರೆ ತಾನೆ ಮತ್ತೆ ಬರುವುದು! 1876ರಲ್ಲಿ ಫೂಕೆ ಎಂಬವರು ಹೆಸರಿಟ್ಟ, ಈ ರೋಗ ತರುವ ಏಕಕೋಶ ಜೀವಿ, ಇಕ್ತಿಯೋಫ್ತಿರಿಯಸ್, ಮೀನಿನ ಮೈಮೇಲೆ ರವೆ ಉದುರಿಸಿದಂತೆ ಕಂಡರೂ ಕೂತಿರುವುದು ಚರ್ಮದ ಮೇಲ್ಪದರದ ಒಳಗೆ. ನಾವು ತೊಟ್ಟಿಗೆ ಸುರಿಯುವ ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ಉಂಡು ಬಲಿತ ಮೇಲೆ ತಾನಾಗಿ ಕಳಚಿಕೊಂಡು ತಳದ ಜಲ್ಲಿಗೆ ಬೀಳುತ್ತದೆ, ಸುತ್ತ ಕವಚ ಕಟ್ಟಿಕೊಂಡು ಒಡೆಯುತ್ತಾ ನೂರಾರು ಮರಿಯಾಗುತ್ತದೆ. ಆ ಮರಿಗಳು ಮೀನು ಹುಡುಕಿಕೊಂಡು ಈಜಾಡುವ ಒಂದೆರಡು ದಿನವಷ್ಟೇ ಔಷಧಕ್ಕೆ ಸಿಗುತ್ತವೆ. ಮೀನು ಫಳಫಳ ಹೊಳೆಯುವ ಹೊತ್ತಿಗೇ ತಳದಲ್ಲಿ ಸಂತಾನ ಬೆಳೆಯುತ್ತಿರುತ್ತದೆ. ನಮ್ಮವರು ಔಷಧ ನಿಲ್ಲಿಸುವುದೂ ಅವತ್ತೇ.

ನೀರು 25 ಡಿಗ್ರಿ ಇದ್ದರೆ ಈ ಸುತ್ತು ವಾರದೊಳಗೆ ಮುಗಿಯುತ್ತದೆ. ತಣ್ಣಗಾದಷ್ಟೂ ಎಳೆಯುತ್ತದೆ. ನಮ್ಮ ಈ ಸೀಮೆ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಚಳಿ ಜಾಸ್ತಿ. ಚೆನ್ನೈನ ಕೊಳತ್ತೂರಿನ ಬಿಸಿಯಲ್ಲಿ ಬೆಳೆದ ಮೀನು ಆಕ್ಸಿಜನ್ ತುಂಬಿದ ಕವರಿನಲ್ಲಿ ಜೋಲಾರಪೇಟೆ ದಾಟಿ ಏರು ಹತ್ತಿ ಬರುವಷ್ಟರಲ್ಲೇ ಸುಸ್ತಾಗಿರುತ್ತದೆ. ಅದರ ಮೇಲೆ ಬೆಳಗಿನ ಜಾವ ಮಾಳಿಗೆ ಟ್ಯಾಂಕಿನ ಕೊರೆಯುವ ನೀರು ಹೊಯ್ದರೆ ರೋಗಕ್ಕೆ ಇನ್ನೇನು ಬೇಕು?

ತೊಟ್ಟಿ ಬರಿದು ಮಾಡಿ ಜಲ್ಲಿ ಬೇಯಿಸುವ ಪಂಗಡದ ಜೊತೆ ನನ್ನ ಜಗಳ ಹಳೆಯದು. ರೋಗ ಹೊತ್ತ ಮೀನನ್ನೇ ತಿರುಗಿ ಬಿಟ್ಟ ಮೇಲೆ ಜಲ್ಲಿ ಬೇಯಿಸಿ ಏನು ಬಂತು? ಫಿಲ್ಟರಿನ ಒಳ್ಳೆ ಬ್ಯಾಕ್ಟೀರಿಯವೂ ಸತ್ತು, ಅಮೋನಿಯ ಏರಿ, ಮೊದಲೇ ನೊಂದ ಕಿವಿರು ಇನ್ನಷ್ಟು ಸುಡುತ್ತದೆ.

ಗಪ್ಪಿ, ಮೋಲಿಗಳಿಗೆ ನನ್ನ ಮದ್ದು ಕಲ್ಲುಪ್ಪು: ಲೀಟರಿಗೆ 2 ಗ್ರಾಂ, ಅಂದರೆ 50 ಲೀಟರ್ ತೊಟ್ಟಿಗೆ 100 ಗ್ರಾಂ, ಕರಗಿಸಿ ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ. ಹೀಟರಿನಿಂದ ನೀರನ್ನು ನಿಧಾನಕ್ಕೆ 28 ಡಿಗ್ರಿಗೇರಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ರಾತ್ರಿಯೂ ಓಡಲಿ. ದಿನಾ ತಳದ ಕಸವನ್ನು ಪೈಪಿನಿಂದ ಎಳೆಯಿರಿ, ತೆಗೆದ ನೀರಿನಷ್ಟಕ್ಕೆ ಮತ್ತೆ ಉಪ್ಪು ಸೇರಿಸಿ. ಕೊನೆಯ ಚುಕ್ಕೆ ಉದುರಿದ ಮೇಲೂ ಹತ್ತು ದಿನ ಈ ಮದ್ದು ನಿಲ್ಲಿಸಬೇಡಿ. ಕೋರಿಡೋರಸ್, ಲೋಚ್ ಮೀನುಗಳಿದ್ದರೆ ಉಪ್ಪು ಅರ್ಧ ಸಾಕು.

ಹೊಸ ಮೀನು ಮೂರು ವಾರ ಬೇರೆ ಟಬ್ಬಿನಲ್ಲಿರಲಿ. ಕಲ್ಲಿಗೆ ಮೈ ಉಜ್ಜುತ್ತದೆಯೇ, ರೆಕ್ಕೆ ಮಡಚಿಕೊಂಡಿದೆಯೇ ನೋಡುತ್ತಿರಿ, ಚುಕ್ಕೆಗಿಂತ ಮುಂಚೆ ಇವು ಕಾಣುತ್ತವೆ. ಆ ಟಬ್ಬಿನ ಬಲೆಯನ್ನು ದೊಡ್ಡ ತೊಟ್ಟಿಗೆ ಅದ್ದಬೇಡಿ. ಒದ್ದೆ ಬಲೆಯಲ್ಲೂ ರೋಗ ದಾಟುತ್ತದೆ, ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿದರೆ ಆ ಜೀವಿ ಸಾಯುತ್ತದೆ.